ಟ್ರಿನಿಟಿಯನ್ನು ಯಾರೂ ಕೇಳಿರಲಿಲ್ಲ

ಮುಗಿದ ಕಥೆಯನ್ನು ಮತ್ತೆ ಬಿಚ್ಚುವವರನ್ನು ಕಂಡರೆ ಅಭಿಮಾನಿಗಳಿಗೆ ಅನುಮಾನ. ‘ಟ್ರಾನ್’ ಬಂದು 28 ವರ್ಷವಾದ ಮೇಲೆ, 2010ರಲ್ಲಿ, ಅದರ ಮುಂದಿನ ಭಾಗ ಬಂತು. ‘ರಿಟರ್ನ್ ಆಫ್ ದಿ ಜೆಡೈ’ ಆಗಿ 32 ವರ್ಷಕ್ಕೆ ಹ್ಯಾನ್ ಸೋಲೋ ತಲೆ ನರೆಸಿಕೊಂಡು ಮರಳಿದ. ‘ಬ್ಲೇಡ್ ರನ್ನರ್’ನ ಎರಡನೆಯ ಚಿತ್ರಕ್ಕೆ 35 ವರ್ಷ ಕಾಯಬೇಕಾಯಿತು. ಇವುಗಳಲ್ಲಿ ಕೆಲವು ಚೆನ್ನಾಗಿವೆ, ಕೆಲವು ಸುಮಾರಾಗಿವೆ. ಆದರೆ ಮೂರರಲ್ಲೂ ಹಳೆಯ ನಾಯಕ ಮರಳುವುದು ಅಪ್ಪನಾಗಿ. ಮಗನೋ ಮಗಳೋ, ಅಥವಾ ತಾನು ಮಗನಿರಬಹುದು ಎಂದುಕೊಂಡ ಇನ್ನೊಬ್ಬನೋ ಅವನಿಗೆ ಎದುರಾಗುತ್ತಾರೆ. ಅಪ್ಪ ಸಿಗುತ್ತಾನೆ, ಕಥೆ ಮುಂದಿನ ತಲೆಮಾರಿನ ಕೈಗೆ ಹೋಗುತ್ತದೆ. ತಡವಾಗಿ ಬರುವ ವೈಜ್ಞಾನಿಕ ಚಿತ್ರಗಳಿಗೆ ಇದು ಹೆಚ್ಚುಕಡಿಮೆ ಒಂದು ಸಿದ್ಧ ಅಚ್ಚು.

2021ರ ಡಿಸೆಂಬರ್‌ನಲ್ಲಿ ಬಂದ ‘ದಿ ಮ್ಯಾಟ್ರಿಕ್ಸ್ ರಿಸರೆಕ್ಷನ್ಸ್’ ಈ ಅಚ್ಚಿಗೆ ಹೊಂದುವುದಿಲ್ಲ. ಇಲ್ಲಿ ಯಾರೂ ಯಾರ ಅಪ್ಪನೂ ಅಲ್ಲ. ಐವತ್ತು ದಾಟಿದ ಒಬ್ಬ ಗಂಡಸು, ಐವತ್ತು ದಾಟಿದ ಒಬ್ಬಳು ಹೆಂಗಸು, ಒಂದು ಕಾಫಿ ಅಂಗಡಿ. ಗಂಡಸಿಗೆ ಅವಳನ್ನು ಎಲ್ಲೋ ನೋಡಿದ ನೆನಪು, ಅವಳಿಗೂ ಅಷ್ಟೇ. ಸುಮಾರು ಎರಡೂವರೆ ಗಂಟೆಯ ಚಿತ್ರದಲ್ಲಿ ನನಗೆ ಬೇಕಾದದ್ದೆಲ್ಲ ಇದ್ದದ್ದು ಆ ಕಾಫಿ ಅಂಗಡಿಯ ಮೇಜಿನ ಎರಡು ಬದಿಯಲ್ಲಿ. ಆದರೆ ಬಹಳಷ್ಟು ಅಭಿಮಾನಿಗಳಿಗೆ ಬೇಕಾದದ್ದು ಅಲ್ಲಿರಲಿಲ್ಲ. ಸುಮಾರು 19 ಕೋಟಿ ಡಾಲರ್ ಸುರಿದು ಮಾಡಿದ ಚಿತ್ರ ಚಿತ್ರಮಂದಿರಗಳಲ್ಲಿ ಜಗತ್ತಿನಾದ್ಯಂತ ಗಳಿಸಿದ್ದು 16 ಕೋಟಿಗಿಂತ ಕಡಿಮೆ.

ಮೊದಲ ‘ಮ್ಯಾಟ್ರಿಕ್ಸ್’ 1999ರದ್ದು. ಆಗ ನನಗೆ ನಡೆಯಲು ಬರುತ್ತಿತ್ತು, ಅಷ್ಟೆ. ಸುಮಾರು ಹತ್ತು ವರ್ಷ ಕಳೆದ ಮೇಲೆ ನಾನದನ್ನು ನೋಡಿದ್ದು ಬಾಡಿಗೆ ಸಿಡಿಯಲ್ಲಿ, ಅಕ್ಕನ ಜೊತೆ. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು, ಆಗ ಪಿಯುಸಿಯಲ್ಲಿ ಫಿಸಿಕ್ಸು ಗಣಿತ ಓದುತ್ತಿದ್ದಳು. ನನಗೆ ಇಂಗ್ಲಿಷ್ ಅರ್ಧಂಬರ್ಧ. ಅವಳು ಸಿಡಿ ನಿಲ್ಲಿಸಿ ನಿಲ್ಲಿಸಿ ಅರ್ಥ ಹೇಳುತ್ತಿದ್ದಳು: ನಾವು ನೋಡುತ್ತಿರುವ ಜಗತ್ತು ನಿಜವಲ್ಲ, ಯಂತ್ರಗಳು ಮನುಷ್ಯರನ್ನು ತೊಟ್ಟಿಗಳಲ್ಲಿ ಮಲಗಿಸಿ, ಅವರ ಮೈಯ ಶಾಖದಿಂದ ತಮಗೆ ವಿದ್ಯುತ್ತು ಮಾಡಿಕೊಳ್ಳುತ್ತಿವೆ, ಮಲಗಿದವರಿಗೆ ಬೇಜಾರಾಗದಿರಲಿ ಎಂದು ಈ ಕನಸು ತೋರಿಸುತ್ತಿವೆ. ‘ಹಾಗಾದರೆ ಅಮ್ಮ?’ ಎಂದು ನಾನು ಕೇಳಿದ್ದೆ. ‘ಅಮ್ಮ ನಿಜ. ಗಣಿತದ ಲೆಕ್ಚರರ್ ಮಾತ್ರ ಪ್ರೋಗ್ರಾಮು’ ಅಂದಿದ್ದಳು.

ಆ ಚಿತ್ರವನ್ನು ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಎಲ್ಲರ ಕಣ್ಣೂ ನಿಯೋ ಮೇಲಿದ್ದರೆ ಅಕ್ಕನ ಕಣ್ಣು ಟ್ರಿನಿಟಿಯ ಮೇಲೆ. ಅದಕ್ಕೆ ಚಿತ್ರವೇ ಕಾರಣ ಕೊಟ್ಟಿದೆ. ಕಥೆ ಶುರುವಾಗುವುದು ಅವಳಿಂದ. ಕತ್ತಲ ಹೋಟೆಲ್ ಕೋಣೆ, ಬಂದೂಕು ಹಿಡಿದ ಪೊಲೀಸರು, ಎರಡೂ ಕೈ ಮೇಲೆತ್ತಿದ ಕಪ್ಪುಡುಗೆಯ ಹೆಂಗಸು. ಮರುಕ್ಷಣ ಅವಳು ಗಾಳಿಯಲ್ಲಿ ನಿಲ್ಲುತ್ತಾಳೆ, ಕ್ಯಾಮೆರಾ ಅವಳನ್ನು ಸುತ್ತು ಹಾಕುತ್ತದೆ. ನೂರಕ್ಕೂ ಹೆಚ್ಚು ಸ್ಟಿಲ್ ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ, ಕಾಲವನ್ನೇ ಹಿಂಜಿದಂತೆ ತೋರಿಸಿದ ‘ಬುಲೆಟ್ ಟೈಮ್’ ತಂತ್ರ ಆಮೇಲೆ ನಿಯೋ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆದರೆ ಆ ಚಿತ್ರದಲ್ಲಿ ಮೊದಲು ಗಾಳಿಯಲ್ಲಿ ನಿಂತವಳು ಟ್ರಿನಿಟಿ. ಮೊದಲ ಹತ್ತು ನಿಮಿಷದಲ್ಲಿ ಅವಳು ಮಾಡಿದ್ದನ್ನು ಕಲಿಯಲು ನಿಯೋಗೆ ಇಡೀ ಚಿತ್ರ ಹಿಡಿಯುತ್ತದೆ.

2003ರಲ್ಲಿ ಬಂದ ಎರಡು ಮತ್ತು ಮೂರನೆಯ ಭಾಗಗಳನ್ನು ನಾನು ನೋಡಿದ್ದು ಹಾಸ್ಟೆಲಿನಲ್ಲಿ, ಗೆಳತಿಯ ಲ್ಯಾಪ್‌ಟಾಪಿನಲ್ಲಿ. ಅಷ್ಟರಲ್ಲಿ ಅಕ್ಕನ ಮದುವೆಯಾಗಿತ್ತು. ಮೂರನೆಯ ಭಾಗದ ಕೊನೆಗೆ ಕುರುಡನಾದ ನಿಯೋನನ್ನು ಕೂರಿಸಿಕೊಂಡು ಟ್ರಿನಿಟಿ ಯಂತ್ರಗಳ ನಗರಕ್ಕೆ ಹಡಗು ಹಾರಿಸುತ್ತಾಳೆ. ತಪ್ಪಿಸಿಕೊಳ್ಳಲು ಬೇರೆ ದಾರಿಯಿಲ್ಲದೆ ಮೇಲಕ್ಕೆ, ಕಪ್ಪು ಮೋಡದ ಆಚೆಗೆ ಏರುತ್ತಾಳೆ. ಆ ಕಾಲದ ಮನುಷ್ಯರು ಕಂಡರಿಯದ ಸೂರ್ಯ ಅಲ್ಲಿದ್ದಾನೆ. ನಿಯೋ ಕಣ್ಣಿಗೆ ಬಟ್ಟೆ ಕಟ್ಟಿದೆ, ನೋಡುವುದು ಅವಳೊಬ್ಬಳೇ. ಕೆಲವು ಕ್ಷಣ. ಆಮೇಲೆ ಹಡಗು ಕೆಳಗೆ ಬೀಳುತ್ತದೆ, ಅವಳು ಸಾಯುತ್ತಾಳೆ. ನನಗೆ ಆ ಕಥೆ ಮುಗಿದದ್ದು ಅಲ್ಲಿ. ಸಿನಿಮಾ ಇನ್ನೂ ಅರ್ಧ ಗಂಟೆ ನಡೆಯುತ್ತದೆ. ಮಳೆಯಲ್ಲಿ ಹೊಡೆದಾಟವಾಗುತ್ತದೆ, ಬೃಹದಾರಣ್ಯಕ ಉಪನಿಷತ್ತಿನ ಮಂತ್ರವನ್ನು ವಾದ್ಯವೃಂದದ ಜೊತೆ ಕೋರಸ್ಸಿನಲ್ಲಿ ಹಾಡುತ್ತಾರೆ, ಲೋಕಕಲ್ಯಾಣವಾಗುತ್ತದೆ. ಆದರೆ ಟ್ರಿನಿಟಿ ಆ ಲೆಕ್ಕದಲ್ಲಿ ಮುಂಗಡವಾಗಿ ಕೊಟ್ಟ ಹಣದ ಹಾಗೆ. ನಿಯೋ ದೊಡ್ಡ ತ್ಯಾಗ ಮಾಡಬೇಕಾದರೆ ಅವನಿಗೆ ಕಳೆದುಕೊಳ್ಳಲು ಏನೂ ಉಳಿದಿರಬಾರದು, ಅದಕ್ಕೆ ಅವಳು ಮೊದಲು ಹೋಗಬೇಕು.

ಇಡೀ ಮೂರು ಭಾಗಗಳಲ್ಲಿ ಅವಳಿಗೆ ಏನು ಬೇಕು ಎಂದು ಯಾರೂ ಕೇಳುವುದಿಲ್ಲ. ಕಾಲಜ್ಞಾನಿಯಾದ ಆರಕಲ್ ಅವಳಿಗೆ ಹೇಳಿದ್ದೂ ಒಂದೇ ಮಾತು: ನೀನು ಒಬ್ಬನನ್ನು ಪ್ರೀತಿಸುತ್ತೀಯ, ಅವನೇ ಆ ಮಹಾಪುರುಷ. ಅಂದರೆ ಅವಳ ಭವಿಷ್ಯದ ಒಳಗೂ ಇದ್ದದ್ದು ಅವನ ಭವಿಷ್ಯ. ಮೊದಲ ಚಿತ್ರದಲ್ಲಿ ಸತ್ತು ಬಿದ್ದ ನಿಯೋನನ್ನು ಅವಳು ಮಾತಾಡಿಸಿ, ಮುತ್ತಿಟ್ಟು ಎಬ್ಬಿಸುತ್ತಾಳೆ. ನಮ್ಮ ಕಡೆಯವರಿಗೆ ಅದು ಸಾವಿತ್ರಿಯ ಕಥೆ, ವಿವರಿಸಬೇಕಾಗಿಯೇ ಇಲ್ಲ. ಸಾವಿತ್ರಿ ಯಮನಿಂದ ಗಂಡನನ್ನು ಬಿಡಿಸಿಕೊಂಡು ಬಂದ ಮೇಲೆ ಅವಳು ಏನು ಮಾಡಿದಳು, ಅವಳಿಗೆ ಇನ್ನೇನಾದರೂ ಬೇಕಿತ್ತೇ ಎಂದು ನಾವು ಯಾವತ್ತು ಕೇಳಿದ್ದೇವೆ?

ನಾಲ್ಕನೆಯ ಚಿತ್ರ ಬಂದ ಬಗೆ ಬಹಳ ಜನರಿಗೆ ಗೊತ್ತಿರಬಹುದು. ಮೊದಲ ಮೂರನ್ನು ವಾಚೋವ್‌ಸ್ಕಿ ಸಹೋದರಿಯರಾದ ಲಾನಾ ಮತ್ತು ಲಿಲಿ ಒಟ್ಟಿಗೆ ಮಾಡಿದ್ದರು. ವಾರ್ನರ್ ಬ್ರದರ್ಸ್ ಸಂಸ್ಥೆ ಇನ್ನೊಂದು ಬೇಕು ಎಂದು ವರ್ಷಗಟ್ಟಲೆ ಕೇಳುತ್ತಲೇ ಇತ್ತು, ಇಬ್ಬರೂ ಒಪ್ಪಿರಲಿಲ್ಲ. ಆಮೇಲೆ ಅವರ ತಂದೆ ತಾಯಿ ಕೆಲವೇ ವಾರಗಳ ಅಂತರದಲ್ಲಿ ತೀರಿಕೊಂಡರು. ನಿದ್ದೆ ಬಾರದ ಒಂದು ರಾತ್ರಿ ಈ ಇಡೀ ಕಥೆ ತನ್ನ ತಲೆಯಲ್ಲಿ ಮೂಡಿತು, ಅಪ್ಪ ಅಮ್ಮ ಮರಳಿ ಬರುವುದಿಲ್ಲವಾದರೂ ನಿಯೋ ಮತ್ತು ಟ್ರಿನಿಟಿ ಬರಬಲ್ಲರು ಅನ್ನಿಸಿ ಸಮಾಧಾನವಾಯಿತು ಎಂದು ಲಾನಾ 2021ರಲ್ಲಿ ಬರ್ಲಿನ್ನಿನ ಸಾಹಿತ್ಯೋತ್ಸವದಲ್ಲಿ ಹೇಳಿಕೊಂಡಿದ್ದಾರೆ. ಲಿಲಿಗೆ ಹಿಂದಕ್ಕೆ ಹೋಗುವ ಮನಸ್ಸಿರಲಿಲ್ಲ. ಕಾದಂಬರಿಕಾರರಾದ ಡೇವಿಡ್ ಮಿಚೆಲ್ ಮತ್ತು ಅಲೆಕ್ಸಾಂಡರ್ ಹೆಮನ್ ಜೊತೆ ಸೇರಿ ಲಾನಾ ಬರೆದರು, ಒಬ್ಬರೇ ನಿರ್ದೇಶಿಸಿದರು. ಚಿತ್ರದ ಕೊನೆಯಲ್ಲಿ ಅರ್ಪಣೆ ಅಪ್ಪ ಅಮ್ಮನಿಗೆ.

ಸತ್ತವರನ್ನು ಕಥೆಯಲ್ಲಿ ಎಬ್ಬಿಸುವುದು ದುಃಖಕ್ಕೆ ಒಂದು ಮದ್ದು. ಕಂಪನಿಗೆ ಅದೇ ಒಂದು ವ್ಯಾಪಾರ. ಲಾನಾಗೆ ಈ ಎರಡೂ ಗೊತ್ತಿತ್ತು. ಹಾಗಾಗಿಯೇ ಚಿತ್ರದ ಮೊದಲ ಮುಕ್ಕಾಲು ಗಂಟೆ ಅಷ್ಟು ವಿಚಿತ್ರವಾಗಿದೆ. ನಿಯೋ ಮತ್ತೆ ಥಾಮಸ್ ಆಂಡರ್ಸನ್ ಆಗಿದ್ದಾನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಿಡಿಯೋ ಗೇಮ್ ಮಾಡುವವನು, ‘ಮ್ಯಾಟ್ರಿಕ್ಸ್’ ಅನ್ನುವ ಮೂರು ಭಾಗದ ಗೇಮಿನಿಂದ ಹೆಸರು ಮಾಡಿದವನು. ನೀನು ಇರು, ಬಿಡು, ನಾಲ್ಕನೆಯದು ಬರುವುದು ಖಾತ್ರಿ ಎಂದು ಮಾತೃಸಂಸ್ಥೆ ಹೇಳಿ ಕಳಿಸುತ್ತದೆ. ಆ ಸಂಸ್ಥೆಯ ಹೆಸರು ವಾರ್ನರ್ ಬ್ರದರ್ಸ್ ಎಂದು ಪಾತ್ರವೇ ಬಾಯಿಬಿಟ್ಟು ಹೇಳುತ್ತದೆ. ಆಮೇಲೆ ಒಂದು ಮೀಟಿಂಗು. ಹುಡುಗ ಹುಡುಗಿಯರು ಸುತ್ತ ಕೂತು ‘ಮ್ಯಾಟ್ರಿಕ್ಸ್’ ನಿಜಕ್ಕೂ ಯಾವುದರ ಬಗ್ಗೆ ಎಂದು ಚರ್ಚಿಸುತ್ತಾರೆ. ಒಬ್ಬರಿಗೆ ಅದು ಬಂಡವಾಳಶಾಹಿ, ಇನ್ನೊಬ್ಬರಿಗೆ ಲಿಂಗಪರಿವರ್ತಿತರ ರಾಜಕಾರಣ, ಮತ್ತೊಬ್ಬನಿಗೆ ಬಂದೂಕು ಮತ್ತು ಬುಲೆಟ್ ಟೈಮ್. ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಈ ದೃಶ್ಯದಲ್ಲಿ ನಗು ತಡೆಯುವುದು ಕಷ್ಟ. ನಮ್ಮ ಯಾವ ಸೆಮಿನಾರೂ ಇದಕ್ಕಿಂತ ಬೇರೆಯಾಗಿಲ್ಲ. ಪಠ್ಯ ಬರೆದವನು ಮೂಲೆಯಲ್ಲಿ ಮೌನವಾಗಿ ಕೂತಿರುವುದೊಂದೇ ವ್ಯತ್ಯಾಸ.

ಈ ಹಾಸ್ಯದ ಹಿಂದೆ ಒಂದು ಗಾಯವಿದೆ. ಲಾನಾ ಮತ್ತು ಲಿಲಿ ಇಬ್ಬರೂ ಲಿಂಗಪರಿವರ್ತಿತ ಮಹಿಳೆಯರು. ಹೆಸರು, ಮೈ, ಕನ್ನಡಿಯ ಬಿಂಬ ಇವೆಲ್ಲ ತನ್ನದಲ್ಲ ಅನ್ನಿಸುವ ಒಬ್ಬ ಮನುಷ್ಯ ಎಚ್ಚರಗೊಳ್ಳುವ ಕಥೆಯಾಗಿ ತಾವು ಅದನ್ನು ಬರೆದದ್ದು ಎಂದು ಲಿಲಿ 2020ರಲ್ಲಿ ಸ್ಪಷ್ಟವಾಗಿ ಹೇಳಿದರು. ಅಷ್ಟರಲ್ಲಿ ಅವರ ‘ಕೆಂಪು ಮಾತ್ರೆ’ ಬೇರೆಯವರ ಪಾಲಾಗಿತ್ತು. ಹೆಂಗಸರು ನಮ್ಮನ್ನು ಮೋಸ ಮಾಡುತ್ತಿದ್ದಾರೆ, ಈಗ ನಮಗೆ ಕಣ್ಣು ತೆರೆಯಿತು ಎಂದು ಇಂಟರ್‌ನೆಟ್ಟಿನಲ್ಲಿ ಗುಂಪು ಕಟ್ಟಿದ ಗಂಡಸರು ತಮ್ಮನ್ನು ಕೆಂಪು ಮಾತ್ರೆ ನುಂಗಿದವರೆಂದು ಕರೆದುಕೊಳ್ಳತೊಡಗಿದ್ದರು. ಒಂದು ರೂಪಕ ಅದನ್ನು ಹೆತ್ತವರ ವಿರುದ್ಧವೇ ತಿರುಗಿ ನಿಂತಿತ್ತು. ಅಂಥ ಹೊತ್ತಿನಲ್ಲಿ ಆ ಕಥೆಗೆ ಮರಳುವವರು ಏನು ಮಾಡಬಹುದು? ಹಳೆಯದನ್ನು ಇನ್ನಷ್ಟು ಜೋರಾಗಿ ಹೇಳಬಹುದು, ಅಥವಾ ಇಡೀ ಕಥೆಯ ತೂಕವನ್ನು ಬೇರೆ ಕಡೆಗೆ ಸರಿಸಬಹುದು. ಲಾನಾ ಸರಿಸಿದರು. ಎಚ್ಚರಗೊಳ್ಳಬೇಕಾದವನು ನಿಯೋ ಅನ್ನುವುದು ಒಂದು ಗಂಟೆಯೊಳಗೆ ಮುಗಿಯುತ್ತದೆ. ಉಳಿದದ್ದೆಲ್ಲ ಟ್ರಿನಿಟಿಯದು.

ಅವಳೀಗ ಟಿಫನಿ. ಗಂಡನಿದ್ದಾನೆ, ಮಕ್ಕಳಿದ್ದಾರೆ, ಮೋಟಾರ್ ಬೈಕಿನ ಕೆಲಸ ಗೊತ್ತು. ಅದೊಂದೇ ಅವಳೊಳಗೆ ಉಳಿದ ಹಳೆಯ ಗುರುತು. ಬೆಳಗ್ಗೆ ಕಾಫಿಗೆ ಬರುತ್ತಾಳೆ. ಆಂಡರ್ಸನ್ ಎದುರು ಕೂತು ಒಂದು ಸಂಗತಿ ಹೇಳುತ್ತಾಳೆ: ನಿನ್ನ ಗೇಮಿನಲ್ಲಿರುವ ಆ ಹೆಂಗಸನ್ನು ನೋಡಿದೆ, ನನ್ನ ಹಾಗೇ ಇದ್ದಾಳಲ್ಲ ಎಂದು ಗಂಡನಿಗೆ ಹೇಳಿದೆ, ಅವನು ನಕ್ಕ, ನಾನೂ ನಕ್ಕೆ, ನಕ್ಕಿದ್ದಕ್ಕೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಮಕ್ಕಳಾಗಬೇಕು ಅನ್ನಿಸಿದ್ದು ನನಗೇ ಹೌದೋ, ಅಥವಾ ಹೆಣ್ಣಾದವಳಿಗೆ ಹಾಗನ್ನಿಸಬೇಕು ಎಂದು ಯಾರೋ ಬರೆದಿಟ್ಟಿದ್ದರೋ ಎಂಬ ಅರ್ಥದ ಅನುಮಾನವನ್ನೂ ಆಡಿಬಿಡುತ್ತಾಳೆ. ಕ್ಯಾರಿ-ಆ್ಯನ್ ಮಾಸ್ ಇದನ್ನು ದನಿ ಏರಿಸದೆ, ಅರ್ಧ ನಗುತ್ತಾ ಹೇಳುತ್ತಾರೆ. ನಲವತ್ತು ತುಂಬಿದ ಮರುದಿನವೇ ತನಗೆ ಅಜ್ಜಿಯ ಪಾತ್ರ ಬಂದಿತ್ತೆಂದು ಸಂದರ್ಶನವೊಂದರಲ್ಲಿ ಹೇಳಿಕೊಂಡ ನಟಿ ಇವರು. ಆ ಅರ್ಧ ನಗು ನಟನೆಯಷ್ಟೇ ಇರಲಾರದು.

ಈ ಸಲದ ಖಳ ಅನಲಿಸ್ಟ್, ಮನೋವೈದ್ಯ. ಕನ್ನಡಕ, ಮೃದು ಮಾತು, ‘ಡೇಜಾ ವು’ ಎಂಬ ಹೆಸರಿನ ಕಪ್ಪು ಬೆಕ್ಕು. ಹಳೆಯ ಮ್ಯಾಟ್ರಿಕ್ಸ್ ಕಟ್ಟಿದ ಆರ್ಕಿಟೆಕ್ಟ್ ಸಮೀಕರಣಗಳ ಮನುಷ್ಯ, ಅವನಿಗೆ ಜನರ ಮನಸ್ಸು ಅರ್ಥವಾಗುತ್ತಿರಲಿಲ್ಲ. ಅನಲಿಸ್ಟ್ ಕಂಡುಕೊಂಡದ್ದು ಬೇರೆ. ಜನರನ್ನು ಹಿಡಿದಿಡಲು ಬೇಲಿ ಬೇಡ. ಬೇಕಾದದ್ದು ಸಿಗದ ಹಾಗೆ, ಆದರೆ ಕೈಗೆಟುಕುವಷ್ಟು ಹತ್ತಿರವೇ ಇರುವ ಹಾಗೆ ಇಟ್ಟರೆ ಸಾಕು. ಇರುವುದು ಕೈತಪ್ಪೀತು ಅನ್ನುವ ಭಯ ಒಂದು ಕಡೆ, ಇಲ್ಲದ್ದು ಸಿಕ್ಕೀತು ಅನ್ನುವ ಆಸೆ ಇನ್ನೊಂದು ಕಡೆ. ಈ ಎರಡರ ನಡುವೆ ಸಿಕ್ಕಿಕೊಂಡ ಮನುಷ್ಯರು ಅತಿ ಹೆಚ್ಚು ವಿದ್ಯುತ್ತು ಕೊಡುತ್ತಾರೆ. ಅದಕ್ಕೇ ನಿಯೋ ಮತ್ತು ಟ್ರಿನಿಟಿಯ ತೊಟ್ಟಿಗಳನ್ನು ಅವನು ಎದುರುಬದುರು ಇಟ್ಟಿದ್ದಾನೆ, ಕನಸಿನೊಳಗೆ ಒಂದೇ ಕಾಫಿ ಅಂಗಡಿಗೆ ಬಿಟ್ಟಿದ್ದಾನೆ. ಹತ್ತಿರ, ಆದರೆ ತೀರಾ ಹತ್ತಿರವಲ್ಲ. ಇಡೀ ಸರಣಿಯಲ್ಲಿ ಇದಕ್ಕಿಂತ ಕ್ರೂರವಾದ, ಇದಕ್ಕಿಂತ ನಿಜವಾದ ಯಂತ್ರ ನನಗೆ ಕಂಡಿಲ್ಲ.

ಚಿತ್ರದ ದೋಷಗಳನ್ನು ಮುಚ್ಚಿಡುವುದಿಲ್ಲ. ಹೊಡೆದಾಟಗಳು ಪೇಲವ. ಮೊದಲ ಮೂರಕ್ಕೆ ಹಾಂಗ್‌ಕಾಂಗಿನ ಯುಯೆನ್ ವೂ-ಪಿಂಗ್ ಕಲಿಸಿದ ವರಸೆಗಳಿದ್ದವು, ಇಲ್ಲಿ ಅವರಿಲ್ಲ. ಲಾರೆನ್ಸ್ ಫಿಶ್‌ಬರ್ನ್ ಇಲ್ಲ, ಹ್ಯೂಗೋ ವೀವಿಂಗ್ ಇಲ್ಲ. ಅವರ ಜಾಗದಲ್ಲಿ ಬಂದವರು ಸಮರ್ಥರು, ಆದರೂ ಹಳೆಯ ಚಿತ್ರದ ತುಣುಕುಗಳನ್ನು ಪಕ್ಕದಲ್ಲೇ ತೋರಿಸಿ ನಾವು ಹೋಲಿಸುವಂತೆ ಮಾಡುತ್ತಾರೆ. ಸ್ಮಿತ್ ಯಾಕೆ ಬಂದ, ಯಾಕೆ ಹೋದ ಅನ್ನುವುದು ಅರ್ಥವಾಗಬೇಕಾದರೆ ತಾಳ್ಮೆ ಬೇಕು. ಹಳೆಯ ಹಸಿರು ಛಾಯೆ ಹೋಗಿ ಸಂಜೆಬಿಸಿಲಿನ ಬಣ್ಣ ಬಂದಿರುವುದು ಕೆಲವರಿಗೆ ಹಿಡಿಸಲಿಲ್ಲ. ನನಗೆ ಅದು ಸರಿಯೆನಿಸಿತು. ಈ ಸೆರೆಮನೆ ಸುಂದರವಾಗಿಯೇ ಇರಬೇಕು.

ಪ್ರಿಯಾಂಕಾ ಚೋಪ್ರಾ ಮಾಡಿದ ಸತಿಯ ಪಾತ್ರದ ಬಗ್ಗೆ ನಮ್ಮಲ್ಲಿ ಸಾಕಷ್ಟು ಸುದ್ದಿಯಾಗಿತ್ತು, ಆದರೆ ಬಹಳ ಮಂದಿ ಅವಳ ಮೂಲ ಮರೆತಿದ್ದರು. ಮೂರನೆಯ ಭಾಗದ ರೈಲು ನಿಲ್ದಾಣದಲ್ಲಿ ರಾಮ-ಚಂದ್ರ ಮತ್ತು ಕಮಲಾ ಎಂಬ ಎರಡು ಪ್ರೋಗ್ರಾಮುಗಳು ತಮ್ಮ ಮಗಳನ್ನು ಕದ್ದು ಸಾಗಿಸುತ್ತಿರುತ್ತವೆ. ಆ ಮಗುವಿಗೆ ಯಾವ ಉದ್ದೇಶವೂ ಇಲ್ಲ, ಉದ್ದೇಶವಿಲ್ಲದ್ದನ್ನು ಯಂತ್ರಲೋಕ ಅಳಿಸಿ ಹಾಕುತ್ತದೆ. ಅವಳು ಹುಟ್ಟಿದ್ದು ಅವರಿಬ್ಬರ ಪ್ರೀತಿಯಿಂದ, ಅಷ್ಟೆ. ಆ ಮಗುವೇ ಸತಿ. ನಾಲ್ಕನೆಯ ಭಾಗದಲ್ಲಿ ಟ್ರಿನಿಟಿಯನ್ನು ಬಿಡಿಸುವ ಯೋಜನೆ ಅವಳದೇ. ಅಗ್ನಿಗೆ ಬಿದ್ದು ಮತ್ತೆ ಹುಟ್ಟಿದ ದಾಕ್ಷಾಯಿಣಿಯ ಹೆಸರಿನವಳು ಇನ್ನೊಬ್ಬಳ ಮರುಹುಟ್ಟಿಗೆ ದಾರಿ ಮಾಡುತ್ತಾಳೆ. ಆದರೆ ಆ ಯೋಜನೆಗೆ ಒಂದು ಷರತ್ತಿದೆ: ಟ್ರಿನಿಟಿ ತಾನಾಗಿ ಬರಬೇಕು. ಎತ್ತಿಕೊಂಡು ಬರುವ ಹಾಗಿಲ್ಲ. ಕಾಫಿ ಅಂಗಡಿಯಲ್ಲಿ ನಿಯೋ ಅವಳೆದುರು ಕೂರಬಹುದು, ಹೇಳುವುದನ್ನು ಹೇಳಬಹುದು. ಅವಳು ಒಲ್ಲೆ ಅಂದರೆ ಅವನು ತೊಟ್ಟಿಗೆ ಮರಳಬೇಕು.

ಹೀಗೆ, ಅವಳು ಸತ್ತು ಹದಿನೆಂಟು ವರ್ಷವಾದ ಮೇಲೆ, ಈ ಸರಣಿ ಮೊದಲ ಸಲ ಅವಳನ್ನು ಕೇಳಿತು. ಗಂಡ ಟಿಫನಿ ಎಂದು ಕರೆದಾಗ, ಹಾಗೆ ಕರೆಯಬೇಡ, ನನ್ನ ಹೆಸರು ಟ್ರಿನಿಟಿ ಅನ್ನುತ್ತಾಳೆ. ಕೊನೆಗೆ ಇಬ್ಬರೂ ಗಗನಚುಂಬಿ ಕಟ್ಟಡದ ಅಂಚಿನಿಂದ ಜಿಗಿಯುತ್ತಾರೆ. ಇಬ್ಬರು ನಟರೂ ತಂತಿ ಕಟ್ಟಿಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಕಟ್ಟಡವೊಂದರಿಂದ ನಿಜಕ್ಕೂ ಹಲವು ಸಲ ಜಿಗಿದರು. ನಿಯೋ ಹಾರುತ್ತಾನೆ ಎಂದು ನಾವು ಕಾಯುತ್ತೇವೆ. ಅವನಿಗೆ ಆಗುವುದಿಲ್ಲ. ಹಾರುವವಳು ಅವಳು, ಅವನು ಅವಳ ಕೈ ಹಿಡಿದು ನೇತಾಡುತ್ತಾನೆ. ಮಾಸ್ಕ್ ಹಾಕಿಕೊಂಡು ಕೂತಿದ್ದ ಅರೆ ತುಂಬಿದ ಚಿತ್ರಮಂದಿರದಲ್ಲಿ ಯಾರೋ ‘ಅಯ್ಯೋ’ ಅಂದರು. ನಾನು ಎದ್ದು ನಿಲ್ಲುವುದೊಂದು ಬಾಕಿ.

ಅಕ್ಕನಿಗೆ ನೋಡಲು ಹೇಳಿದೆ. ‘ಟ್ರಿನಿಟಿ ಸತ್ತಿದ್ದಳಾ? ಯಾವಾಗ?’ ಎಂದಳು. ಎರಡು ಮೂರನೆಯ ಭಾಗ ಅವಳು ನೋಡಿರಲೇ ಇಲ್ಲ. ಬಿಎಸ್ಸಿ ಮುಗಿಸಿ ಎಂಎಸ್ಸಿ ಫಿಸಿಕ್ಸಿಗೆ ಸೀಟು ಸಿಕ್ಕಿದ್ದ ವರ್ಷವೇ ಒಳ್ಳೆಯ ಸಂಬಂಧ ಬಂತು. ಒತ್ತಾಯ ಮಾಡಿದವರು ಯಾರೂ ಇಲ್ಲ. ಕೇಳಿದವರೂ ಇಲ್ಲ. ಭಾವ ಒಳ್ಳೆಯವರು, ಇಬ್ಬರು ಮಕ್ಕಳು ಚುರುಕಾಗಿದ್ದಾರೆ, ಅವಳ ಅಡುಗೆಮನೆ ಕಿಟಕಿಯಿಂದ ಅಡಿಕೆ ತೋಟ ಕಾಣುತ್ತದೆ. ದೂರುವಂಥದ್ದೇನೂ ಇಲ್ಲ. ಮಕ್ಕಳು ಮಲಗಿದ ಮೇಲೆ ಫೋನಿನಲ್ಲಿ, ನಾಲ್ಕು ರಾತ್ರಿಗಳಲ್ಲಿ ತುಂಡು ತುಂಡಾಗಿ ಚಿತ್ರ ನೋಡಿ ಮುಗಿಸಿದಳು. ಐದನೆಯ ದಿನ ಫೋನ್ ಮಾಡಿದಳು.

‘ಚೆನ್ನಾಗಿದೆ ಮಾರಾಯ್ತಿ. ಆದರೆ ಅವಳು ಹಾರಿ ಹೋದಳಲ್ಲ, ಆ ಮಕ್ಕಳಿಗೆ ರಾತ್ರಿ ಊಟಕ್ಕೆ ಯಾರು ಹಾಕಿದರು?’

ನಾನು ಓದಿದ ಯಾವ ವಿಮರ್ಶೆಯಲ್ಲೂ ಈ ಪ್ರಶ್ನೆ ಇರಲಿಲ್ಲ. ಚಿತ್ರದ ದೊಡ್ಡ ಜಾಣತನ, ದೊಡ್ಡ ಅನುಕೂಲ ಎರಡೂ ಇಲ್ಲೇ ಇದೆ. ಟಿಫನಿಯ ಸಂಸಾರ ಅನಲಿಸ್ಟ್ ಕಟ್ಟಿದ ಬಲೆಯ ಭಾಗವಾದ್ದರಿಂದ ಅದನ್ನು ಬಿಟ್ಟು ಹೋಗುವುದು ಬಿಡುಗಡೆಯೇ ಆಗುತ್ತದೆ. ಆ ಮಕ್ಕಳ ಮುಖದ ಮೇಲೆ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ನಿಂತರೆ ಕಥೆ ಮುಂದೆ ಹೋಗುವುದಿಲ್ಲ. ಎಚ್ಚರಗೊಳ್ಳುವ ಕಥೆಗಳೆಲ್ಲ ಹೀಗೇ. ಬಿಟ್ಟು ಹೋದ ಮನೆ ಮಾಯೆ ಅನ್ನಲು ಬಂದರೆ ಹೊರಡುವುದು ಸುಲಭ. ಸಿದ್ಧಾರ್ಥ ಹೊರಟ ರಾತ್ರಿಯ ಬಗ್ಗೆಯೂ ಯಶೋಧರೆಯ ಕಡೆಯಿಂದ ಕೇಳಲು ಇರುವುದು ಇದೇ. ಅಕ್ಕನ ಮನೆ ಮಾಯೆಯಲ್ಲ. ಅಲ್ಲಿ ಎಂಟೂವರೆಗೆ ಮಕ್ಕಳು ನಿಜವಾಗಿ ಹಸಿಯುತ್ತಾರೆ. ಲಾನಾ ಅವರ ಚಿತ್ರದ ಬಗ್ಗೆ ನನಗಿರುವ ಒಂದೇ ನಿಜವಾದ ತಕರಾರು ಇದು. ಪ್ರಶ್ನೆಯನ್ನು ಕೊನೆಗೂ ಕೇಳಿದರು, ಆದರೆ ಉತ್ತರಕ್ಕೆ ಬೆಲೆಯಿಲ್ಲದ ಹಾಗೆ ಮಾಡಿಟ್ಟು ಕೇಳಿದರು.

ಇದನ್ನೇ ಅಕ್ಕನಿಗೆ ಹೇಳಿದೆ, ಸ್ವಲ್ಪ ಉದ್ದವಾಗಿ, ಸೆಮಿನಾರಿನ ಧಾಟಿಯಲ್ಲಿ. ಅವಳು ಪೂರ್ತಿ ಕೇಳಿದಳು.

‘ಅದಿರಲಿ ಕಣೇ’ ಅಂದಳು. ‘ನನ್ನನ್ನೂ ಯಾರಾದರೂ ಆವತ್ತು ಕೇಳಿದ್ದರೆ ಬಹುಶಃ ಇದೇ ಬೇಕು ಅಂತಿದ್ದೆ. ಈ ಮನೆ, ಈ ಮಕ್ಕಳು. ಆದರೆ ಕೇಳಬೇಕಿತ್ತು.’

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಚೆ ಕಡೆ ಕುಕ್ಕರ್ ಕೂಗಿತು. ಅವಳು ಹೋಗಿ ಒಲೆ ಸಣ್ಣ ಮಾಡಿ ಬಂದಳು. ನಾನು ಈಗ ಕೇಳಿದರೆ ಆಗುತ್ತದಾ ಎಂದೆ.

‘ಕೇಳು’ ಅಂದಳು. ‘ಆದರೆ ಉತ್ತರಕ್ಕೆ ಅವಸರ ಮಾಡಬೇಡ. ಮೊದಲು ಆ ಎರಡು ಮೂರನೆಯ ಭಾಗ ಕಳಿಸು. ಅವಳು ಹೇಗೆ ಸತ್ತಳು ಅಂತ ನೋಡಬೇಕು.’